ಕರೆಂಟ್ ಬಂದಾಗ ಸುಮ್ಮನಾಗುವ ಕಳ್ಳ

ಯೂಸುಫನ ವಾಲೆಟ್ ಖಾಲಿಯಾಗಿತ್ತು.

ಬೆಳಗಿನ ಗಿರಾಕಿಗೆ ಪಂಪಿನ ವಾಷರ್ ಕೊಟ್ಟು ಫೋನಿನಲ್ಲಿ ಕ್ರಿಪ್ಟೊ ದರ ನೋಡಲು ಹೋದವನು ಹಾಗೇ ಸ್ಟೂಲಿನ ಮೇಲೆ ಕುಸಿದ. ತಾವರಗೇರಾದ ಆ ಪಂಪು-ಪೈಪಿನ ಅಂಗಡಿಯ ಜಾಗವನ್ನು ಮಾಲೀಕ ಮಾರಲು ಹೊರಟಿದ್ದ. ತಾನೇ ಕೊಳ್ಳಬೇಕೆಂದು ಯೂಸುಫ ಕೂಡಿಟ್ಟಿದ್ದ ಕಾಯಿನ್‌ಗಳೆಲ್ಲ ಯಾವುದೋ ವಿಳಾಸಕ್ಕೆ ಹಾರಿಹೋಗಿದ್ದವು.

ಆ ವಾಲೆಟ್ ತೆರೆಯಲು ಹನ್ನೆರಡು ಇಂಗ್ಲಿಷ್ ಪದಗಳು ಬೇಕು. ಕಾಗದವಾದರೆ ಇಲಿ ತಿಂದೀತೆಂದು ಯೂಸುಫ ಅವನ್ನು ಸ್ಟೀಲ್ ಡಬ್ಬಿಯ ತಳಕ್ಕೆ ಕೊರೆಸಿದ್ದ. ಕೊರೆದವನು ಕುಷ್ಟಗಿಯ ಪಾತ್ರೆ ಅಂಗಡಿಯ ಸಿದ್ದಾರ್ಥ.

"ಮತ್ಯಾರು? ಅವನ! ಹತ್ತಲೇ ಗಾಡಿ!" ಗುಡುಗಿದವನು ತಿಮ್ಮಣ್ಣ. ದಿನವೂ ಅಂಗಡಿ ಕಟ್ಟೆಯ ಮೇಲೆ ಯೂಸುಫನ ಜೊತೆ ಚಹಾ ಹಂಚಿಕೊಳ್ಳುವ ಜೀವದ ಗೆಳೆಯ.

ಕುಷ್ಟಗಿಯಲ್ಲಿ ಯೂಸುಫ ಸಿದ್ದಾರ್ಥನ ಕಾಲರ್ ಹಿಡಿದ. ತಿಮ್ಮಣ್ಣ ಕಪಾಳಕ್ಕೇ ಬಿಟ್ಟ.

"ಅಣ್ಣಾರ, ದಿನಾ ರಾಶಿ ಪಾತ್ರಿಗೆ ಹೆಸರು ಹಾಕ್ತೀನ್ರಿ. ಏನ್ ಬರದೆ ಅನ್ನೋದ ನೆನಪಿರಂಗಿಲ್ರಿ!"

ಎಎಸ್‌ಐ ಗ್ಯಾನಪ್ಪ ಬಂದು ಸಿದ್ದಾರ್ಥನ ಫೋನ್ ಜಪ್ತಿ ಮಾಡಿದ. ಊರು ಬಿಡಬೇಡ ಎಂದ. ಅಂದಿನಿಂದ ಆ ಅಂಗಡಿಗೆ ಗಿರಾಕಿ ಕಾಲಿಡಲಿಲ್ಲ.

* * *

ಕಳ್ಳನಿಗೆ ಹೆಸರಿರಲಿಲ್ಲ, ವಿಳಾಸವಿತ್ತು. ಬ್ಲಾಕ್‌ಚೈನ್ ಊರ ನಡುವಿನ ಬಯಲಿದ್ದಂತೆ. ಮುಖ ಮುಚ್ಚಿಕೊಂಡು ಬರಬಹುದು. ಯಾರಿಗೂ ಕಾಣದಂತೆ ಬರಲಾಗದು. ಕೊಂಡದ್ದು, ಮಾರಿದ್ದು ಎಲ್ಲವೂ ಹೊತ್ತಿನ ಸಮೇತ ಯಾರ ಫೋನಿನಲ್ಲಾದರೂ ಕಾಣುತ್ತದೆ. ಯೂಸುಫ ಹಲ್ಲು ಕಚ್ಚಿ ಅದನ್ನೇ ನೋಡುತ್ತ ಕುಳಿತ. ಕಳ್ಳನಿಗೆ ತಾಳ್ಮೆಯೇ ಇರಲಿಲ್ಲ. ಈಗ ಕೊಳ್ಳುವುದು, ಅರ್ಧ ಗಂಟೆಗೆ ಮಾರುವುದು. ದಿನದಿನಕ್ಕೂ ಯೂಸುಫನ ದುಡ್ಡು ಕರಗುತ್ತಿತ್ತು.

"ಗ್ಯಾನಪ್ಪನೋರ, ಸಿದ್ದಾರ್ಥನ ಫೋನ್ ನಿಮ್ಮ ಕಪಾಟಿನ್ಯಾಗ ಐತಿ. ವ್ಯಾಪಾರ ಮಾತ್ರ ನಿಂತಿಲ್ಲಲ್ರಿ?"

"ಜೋಡಿದಾರ ಇರಬೇಕು ಯೂಸುಫಸಾಬ್ರ. ಸಿದ್ದಾರ್ಥನ್ನ ಸೋಮವಾರ ಒಳಗ ಹಾಕ್ತೀನಿ. ತಾನ ಬಾಯಿ ಬಿಡ್ತಾನ."

ಯೂಸುಫನಿಗೆ ಸಮಾಧಾನವಾಗಲಿಲ್ಲ. ಹೋದ ವಾರ ದಿನವೂ ಬೆಳಿಗ್ಗೆ ಮೂರ್ನಾಲ್ಕು ತಾಸು ಕಳ್ಳನ ವಾಲೆಟ್ ಸ್ತಬ್ಧವಾಗುತ್ತಿತ್ತು. ಈ ವಾರ ಬೆಳಿಗ್ಗೆ ಭರಾಟೆ, ಮಧ್ಯಾಹ್ನ ಸ್ತಬ್ಧ. ಗಿಣಿಗೇರಿ ಕಾರ್ಖಾನೆಯ ಪಾಳಿ ನೌಕರನೇ? ಪಾಳಿ ಇಷ್ಟು ಚಿಕ್ಕದಿರುವುದಿಲ್ಲ.

ಅಷ್ಟರಲ್ಲಿ ಹೊರಗೆ ಯಾರೋ ಕೂಗಿದರು. "ತ್ರೀಫೇಸ್ ಬಂತಲೇ!"

ಪಂಪು ಚಾಲೂ ಮಾಡಲು ರೈತರೆಲ್ಲ ಹೊಲಕ್ಕೆ ಓಡಿದರು. ಅಂಗಡಿ ಖಾಲಿ. ಯೂಸುಫ ಫೋನ್ ನೋಡಿದ. ವಾಲೆಟ್ಟೂ ಸ್ತಬ್ಧ.

ಹೊಲಕ್ಕೆ ಕರೆಂಟ್ ಕೊಡುವ ಹೊತ್ತು ವಾರಕ್ಕೊಮ್ಮೆ ಬದಲಾಗುತ್ತದೆ. ಕಳ್ಳನ ಮೌನವೂ ಅದರ ಬೆನ್ನಿಗೇ ಬದಲಾಗಿತ್ತು!

ಬುಧವಾರ ಮಾತ್ರ ಲೆಕ್ಕ ತಪ್ಪಿತು. ತ್ರೀಫೇಸ್ ಬಂತು, ಅಂಗಡಿ ಖಾಲಿಯಾಯಿತು, ಆದರೂ ಕಳ್ಳ ಮಾರುತ್ತಲೇ ಇದ್ದ. ಕಟ್ಟೆಯ ಮೇಲೆ ತಿಮ್ಮಣ್ಣನೊಬ್ಬ ಫೋನ್ ಉಜ್ಜುತ್ತ ಉಳಿದಿದ್ದ.

"ನೀ ಹೋಗಲಿಲ್ಲೇನಲೇ?"

"ಹೋಗಿ ಏನ್ ಮಾಡ್ಲಿ? ನಮ್ಮ ಹೊಲದ ಟ್ರಾನ್ಸ್‌ಫಾರ್ಮರ್ ಸುಟ್ಟೈತಿ. ಚಹಾ ಹೇಳು."

ಯೂಸುಫ ಚಹಾ ಹೇಳಿದ. ತನ್ನ ಲೋಟ ಮುಟ್ಟಲಿಲ್ಲ.

* * *

"ಆ ಡಬ್ಬಿ ಮನಿ ಬಿಟ್ಟು ಎಲ್ಲಿಗರ ಹೋಗಿತ್ತೇನು?" ಮನೆಗೆ ಬಂದವನೇ ಹೆಂಡತಿಯನ್ನು ಕೇಳಿದ.

"ಹಬ್ಬಕ್ಕ ತಿಮ್ಮಣ್ಣನ ಮನಿಗೆ ಅದರಾಗ ಸುರಕುಂಬಾ ಪಾಯಸ ಕೊಟ್ಟು ಕಳಿಸಿದ್ದೆ," ಎಂದಳು ಜುಬೇದಾಬೀ. "ಅದೊಂದ ಮನಿಗೆ. ಯಾಕ?"

"ತಳದಾಗ ಬರದದ್ದು ಕಾಣಲಿಲ್ಲೇನು?"

"ನಿಮ್ಮ ಹೆಸರು ಹಾಕ್ಸೀರಿ ಅನ್ಕೊಂಡೆ. ಕೋಟಿ ರೂಪಾಯಿ ಕೀಲಿ ಡಬ್ಬಿ ಬುಡಕ ಇಡೋ ಗಂಡಸ ಎಲ್ಲಿ ಅದಾನಂತ ನನಗೇನ್ ಗೊತ್ತು!"

* * *

ತಿಮ್ಮಣ್ಣನ ಮನೆ. ಯೂಸುಫನ ಜೊತೆ ಗ್ಯಾನಪ್ಪನೂ ಬಂದದ್ದು ನೋಡಿ ತಿಮ್ಮಣ್ಣನ ಹೆಂಡತಿ ಕಳಕಮ್ಮ ಚಹಾಕ್ಕಿಟ್ಟಳು.

"ಬಾರೋ ದೋಸ್ತ," ಎಂದ ತಿಮ್ಮಣ್ಣ. "ಸಿಕ್ಕನೇನು ಜೋಡಿದಾರ?"

"ಸಿಕ್ಕಾನ. ತ್ರೀಫೇಸ್ ಬಂದ್ರ ವ್ಯಾಪಾರ ನಿಲ್ಲಸ್ತಾನ. ಕೈ ಕೆಸರಾಗಿರತೈತಿ ನೋಡು, ಫೋನ್ ಮುಟ್ಟಂಗಿಲ್ಲ."

ತಿಮ್ಮಣ್ಣ ನಕ್ಕ. "ಊರ ತುಂಬ ಪಂಪ್ ಅದಾವು."

"ಅದಾವು. ಬುಧವಾರ ಎಲ್ಲಾ ಪಂಪ್ ಓಡಿದ್ವು. ಓಡದವು ಸುಟ್ಟ ಟ್ರಾನ್ಸ್‌ಫಾರ್ಮರ್ ಮ್ಯಾಲಿನ ಐದಾರು. ಕಳ್ಳ ಅವತ್ತ ಸುಮ್ಮನಾಗಲಿಲ್ಲ. ಆ ಐದಾರು ಮನ್ಯಾಗ ನನ್ನ ಡಬ್ಬಿ ಬಂದಿದ್ದು ಇದೊಂದ ಮನಿಗೆ. ಡಬ್ಬಿ ಬುಡದಾಗ ಹನ್ನೆರಡು ಶಬ್ದ ಕಂಡ್ರ ಅದೇನಂತ ತಿಳಿಯೋದು ನಿನಗ ಒಬ್ಬಗ. ವಾಲೆಟ್ ತೆಗಿಯೋದು ಕಲಿಸಿದಾವ ನಾನ."

ಗ್ಯಾನಪ್ಪ ಕೈ ಚಾಚಿದ. "ಫೋನ್ ಕೊಡು."

ತಿಮ್ಮಣ್ಣನ ಫೋನು ಬೆಳಗಿತು. ಅದೇ ವಿಳಾಸ. ದುಡ್ಡು ಅರ್ಧಕ್ಕರ್ಧ ಹೋಗಿತ್ತು.

"ಎರಡು ದಿನದಾಗ ಡಬಲ್ ಮಾಡಿ ವಾಪಸ್ ಹಾಕೋನಿದ್ದೆ, ಯೂಸುಫ! ಖರೇನ!"

"ಮತ್ತ ಸಿದ್ದಾರ್ಥಗ ಯಾಕ ಹೊಡದಿ?"

ಒಳಗೆ ಕಳಕಮ್ಮನ ಕೈಯಿಂದ ಚಹಾದ ಬಸಿ ಬಿದ್ದ ಸದ್ದು.

ಗ್ಯಾನಪ್ಪ ಅವನನ್ನು ಜೀಪಿಗೆ ಹತ್ತಿಸಿದ. ಯೂಸುಫನ ಮುಷ್ಟಿ ಬಿಗಿದಿತ್ತು. ಹೊಡೆಯಲು ಕೈ ಏಳಲಿಲ್ಲ.

"ಅಂಗಡಿ ಹೋದ್ರ ಹೋಗ್ಲಿ," ಎಂದ. "ಡಬ್ಬಿ ಖಾಲಿ ವಾಪಸ್ ಕಳಿಸಬಾರದಂತ ಶೇಂಗಾ ಹೋಳಿಗಿ ತುಂಬಿ ಕಳಿಸಿದ್ಯಲ್ಲೋ, ತಿಮ್ಮ. ಒಂದೂ ಬಿಡದಂಗ ತಿಂದಿದ್ದೆ ನಾ."