ಆರು ಸುತ್ತು

ಕುತ್ತಿಗೆಗೆ ತಣ್ಣಗೆ ಏನೋ ತಾಗಿತು.

ಮಚ್ಚು!

"ಚಕ್ರದ ಮ್ಯಾಲಿಂದ ಕೈ ತಗೀಲೇ!"

ಕಿರಣಕುಮಾರ. ಹಲಗೇರಿ ರಸ್ತೆಯ ಕೆರೆ ಪಾರ್ಕಿನ ಮ್ಯಾನೇಜರ್. ನನ್ನ ಕೈ ಇದ್ದದ್ದು ತೂಬು ತೆರೆಯುವ ಚಕ್ರದ ಮೇಲೆ. ಬೀಗ ಒಡೆದಿದ್ದೆ. ಇನ್ನೂ ತಿರುಗಿಸಿರಲಿಲ್ಲ.

ಮೂರು ದಿನದಿಂದ ಮಳೆ. ಕೆರೆ ತುಂಬಿದಷ್ಟೂ ದೊಡ್ಡ ಬೋಟ್ ಓಡುತ್ತದೆಂದು ಮಾಲೀಕ ವಿಜಯಮಹಾಂತೇಶ ನೀರು ಬಿಡಲು ಒಪ್ಪಿರಲಿಲ್ಲ. ಏರಿಯ ಬುಡದಲ್ಲಿ ನೀರು ಜಿನುಗುತ್ತಿತ್ತು. ತಿಳಿ ನೀರಲ್ಲ... ಕೆಂಪು! ಏರಿ ಒಳಗಿಂದ ಕರಗುತ್ತಿತ್ತು. ಕೆಳಗೆ ನಲವತ್ತು ಮನೆ.

ಹಾಗೆಂದು ಮೊದಲು ಕೂಗಾಡಿದವನು ನೀರಗಂಟಿ ಗುಡದಪ್ಪ. ತೂಬು ಕಾಯುವುದೇ ಅವನ ಕೆಲಸ. ಎರಡು ದಿನದಿಂದ ನಾಪತ್ತೆ. ಹುಡುಕಿಕೊಡಿ ಎಂದು ಅವನ ಹೆಂಡತಿ ಮರಿಯವ್ವ ಹಾವೇರಿಯ ನನ್ನ ಆಫೀಸಿಗೆ ಬಂದಿದ್ದಳು. ಪೊಲೀಸ್ ನೌಕರಿ ಬಿಟ್ಟಮೇಲೆ ನನಗೆ ಅದೇ ದಂಧೆ.

ಮೊಣಕೈಯನ್ನು ಹಿಂದಕ್ಕೆ ಬೀಸಿದೆ. ಅವನ ಮೂಗು ಚಟ್ ಎಂದಿತು! ಮಚ್ಚು ನೀರಿಗೆ ಬಿತ್ತು. ಅವನು ಕೆಸರಿಗೆ.

"ಗುಡದಪ್ಪ ಎಲ್ಲಿ ಅದಾನ?"

"ಗೊತ್ತಿಲ್ರಿ..."

ಮುರಿದ ಮೂಗು ಹಿಡಿದು ತಿರುವಿದೆ.

"ಬೋಟ್ ಶೆಡ್! ಬೋಟ್ ಶೆಡ್ಡಿನ್ಯಾಗ್ರಿ!"

ಅವನ ಬೆಲ್ಟಿನಿಂದಲೇ ಅವನ ಕೈ ಕಟ್ಟಿದೆ. ಚಕ್ರವನ್ನು ತಿರುಗುವಷ್ಟೂ ತಿರುಗಿಸಿದೆ. ಹನ್ನೆರಡು ಸುತ್ತು. ತೂಬು ಗರ್ಜಿಸಿತು.

ಶೆಡ್ಡಿಗೆ ಓಡಿದೆ.

ಮಗುಚಿಟ್ಟ ಬೋಟಿನ ಹಿಂದೆ ಬಿದ್ದಿದ್ದ ಗುಡದಪ್ಪ. ತಲೆ ಒಡೆದಿತ್ತು. ಉಸಿರು ಇನ್ನೂ ಆಡುತ್ತಿತ್ತು.

"ಕಾಕಾ, ಮರಿಯವ್ವ ಕಳಿಸ್ಯಾಳ. ಆಂಬುಲೆನ್ಸ್ ಕರೀತೇನಿ."

"ತೂಬು...?"

"ಪೂರಾ ತಗದೇನಿ."

ಮುದುಕ ನನ್ನ ಅಂಗಿ ಹಿಡಿದು ಎಳೆದ.

"ಹುಚ್ಚಾ... ಒಮ್ಮೆಲೆ ಬಿಟ್ರ ಹಳ್ಳ ತಡಿಯಂಗಿಲ್ಲ. ಮನಿಯೊಳಗ ನುಗ್ಗತೈತಿ! ಆರು ಸುತ್ತು ಸಾಕು... ಲಗೂ ಹೋಗು!"

"ನಿನ್ನ ಬಿಟ್ಟು ಹ್ಯಾಂಗ..."

"ಹೋಗಂದ್ರ ಹೋಗು!"

ಆಂಬುಲೆನ್ಸಿನವರಿಗೆ ಫೋನಿನಲ್ಲಿ ಕೂಗುತ್ತಲೇ ಓಡಿದೆ. ಆರು ಸುತ್ತು ಮುಚ್ಚಿದೆ. ಅಂಗೈ ಸುಲಿದುಹೋಯಿತು. ಕೆಳಗೆ ಹಳ್ಳದ ನೀರು ಮೊದಲ ಮನೆಯ ಹೊಸ್ತಿಲು ನೆಕ್ಕಿತು... ನಿಂತಿತು... ಮೆಲ್ಲಗೆ ಹಿಂದೆ ಸರಿಯಿತು.

ಮರಳಿ ಬಂದಾಗ ಗುಡದಪ್ಪನ ಕಣ್ಣು ತೆರೆದೇ ಇದ್ದವು.

ಉಸಿರು ಇರಲಿಲ್ಲ.

ಆಂಬುಲೆನ್ಸಿನ ಹಿಂದೆಯೇ ಮರಿಯವ್ವ ಬಂದಳು. ಅಳಲಿಲ್ಲ. ನೇರ ಏರಿಯ ಬುಡಕ್ಕೆ ಇಳಿದು ಜಿನುಗುವ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡಿದಳು.

"ತಿಳಿ ಆಗೈತ್ರಿ," ಎಂದಳು. ಆಮೇಲೆ ಅಲ್ಲೇ ಕುಸಿದು ಕುಳಿತಳು.

ನಾನು ಪೊಲೀಸರಿಗೆ ಫೋನ್ ಮಾಡಿದೆ.

ಪೊಲೀಸರು ಕಿರಣಕುಮಾರನನ್ನು ಒಯ್ದರು. ಗುಡದಪ್ಪನನ್ನು ಹೊಡೆಯಲು ಹೇಳಿದ್ದು ಯಾರೆಂದು ಅವನು ಜೀಪಿನಲ್ಲೇ ಒದರಿದ.

ಸಂಜೆ ಫೋನ್ ಬಂತು. ವಿಜಯಮಹಾಂತೇಶ!

"ಏನ್ ಮಾಡೀದಿಲೇ! ನಾಳೆ ದೊಡ್ಡ ದೊಡ್ಡ ಮಂದಿ ಬರಾಕತ್ತಾರ. ಬೋಟೆಲ್ಲಾ ಕೆಸರಿನ್ಯಾಗ ಕುಂತಾವ!"

"ನಿಮ್ಮ ಮನಿಗೆ ಇವತ್ತ ಮಂದಿ ಬರಾಕತ್ತಾರ್ರಿ. ಅವರಿಗೆ ಬೋಟ್ ಬೇಕಾಗಿಲ್ಲ... ಜೀಪ್ ಐತಿ."