ದೊಣ್ಣಯ್ಯನ ಅಳತೆಯ ಹಗ್ಗ

ಮೋಡಗಳು ಕೆಳಗಿಳಿದು ಕೆರೆಗಳಲ್ಲಿ ನೀರು ಕುಡಿಯುತ್ತಿದ್ದ ಕಾಲದಲ್ಲಿ, ಕಡಲ ದಡದ ಒಂದು ರಾಜ್ಯದಲ್ಲಿ, ಬಳೆಗಾರನೊಬ್ಬನಿಗೆ ನಾಗಲೆ ಎಂಬ ಮಗಳಿದ್ದಳು. ಅವಳಿಗೆ ಒಬ್ಬನೇ ಅಣ್ಣ, ಬಿಟ್ಟಿಗ.

ಆ ರಾಜ್ಯದ ಬಡಗಣ ಬೆಟ್ಟದಲ್ಲಿ ನೆಟ್ಟಗಣ್ಣನೆಂಬ ಮಾಂತ್ರಿಕನಿದ್ದ. ಅವನು ನೆಟ್ಟಗೆ ನೋಡಿದರೆ ಎದುರಿಗಿದ್ದವರು ಗಾಜಾಗುತ್ತಿದ್ದರು. ರಾಜನ ವೀರರು ಕತ್ತಿ ಎತ್ತಿ ನೇರ ಅವನ ಮೇಲೆ ನುಗ್ಗಿದರು, ನುಗ್ಗಿದವರೆಲ್ಲ ಗಾಜಾದರು. ಬಿಟ್ಟಿಗನೂ ನುಗ್ಗಿದ, ಬಿಟ್ಟಿಗನೂ ಗಾಜಾದ. ಮಾಗಿಯ ಗಾಳಿ ಬೀಸಿದರೆ ಆ ಗಾಜು ಸೀಳಿ ಪುಡಿಯಾಗುತ್ತದೆ. ಮಾಗಿಗೆ ಇನ್ನು ಆರು ತಿಂಗಳಿತ್ತು.

ಹಡಗು ಒಡೆದು ದಡ ಸೇರಿದ್ದ ಸ್ಪೇನ್ ದೇಶದ ಮುದುಕನೊಬ್ಬ ಅದೇ ಊರಿನಲ್ಲಿ ಕತ್ತಿವರಸೆ ಕಲಿಸುತ್ತಿದ್ದ. ಹೆಸರು ದೊನ್ ಇನ್ಯಿಗೊ. ಊರವರ ಬಾಯಲ್ಲಿ ಅದು ದೊಣ್ಣಯ್ಯ ಆಗಿತ್ತು. ತಾಳೆಮರದಂಥ ಆಳು. ಅವನ ಅಂಗಳದ ನೆಲದಲ್ಲಿ ಒಂದು ದೊಡ್ಡ ವೃತ್ತ, ಅದರೊಳಗೆ ಅಡ್ಡ ಉದ್ದ ಗೆರೆಗಳು. ನೀರಿಗೆ ಹೋಗುವ ಹೆಂಗಸರು ನಿಂತು ಕೇಳುತ್ತಿದ್ದರು: "ದೊಣ್ಣಯ್ಯಾ, ನಿನ್ನ ರಂಗೋಲಿಗೆ ಬಣ್ಣ ಯಾವಾಗ ತುಂಬ್ತೀಯ?"

"ಬೆವರು ತುಂಬಿದ ಮೇಲೆ, ತಾಯಿ."

ಅಣ್ಣನನ್ನು ಬಿಡಿಸಿ ತರಬೇಕು, ವಿದ್ಯೆ ಕಲಿಸು ಎಂದು ನಾಗಲೆ ಅವನ ಕಾಲಿಗೆರಗಿದಳು. ದೊಣ್ಣಯ್ಯ ಹೇಳಿದ: "ನನ್ನ ದೇಶದ ವಿದ್ಯೆ ಇಷ್ಟೇ, ಮಗಳೇ. ವೈರಿಗೂ ನಿನಗೂ ನಡುವೆ ಒಂದು ನೇರ ಗೆರೆ ಇರುತ್ತದೆ. ಸಾವು ಆ ಗೆರೆಯ ಮೇಲೆ ಓಡಾಡುತ್ತದೆ. ನೀನು ವೃತ್ತದ ಅಂಚಿನಲ್ಲಿ ನಡೆ. ತೋಳು ನೆಟ್ಟಗಿರಲಿ, ಹೆಜ್ಜೆ ಸುತ್ತಿ ಬರಲಿ. ಸಿಟ್ಟು ಬಂದರೆ ಕತ್ತಿ ಕೆಳಗಿಡು. ಸಿಟ್ಟಿಗೆ ಗೊತ್ತಿರುವುದು ನೇರ ದಾರಿಯೊಂದೇ."

ಆರನೆಯ ತಿಂಗಳಲ್ಲಿ ಅವನು ಒಂದು ಹಗ್ಗ ಕೊಟ್ಟ. "ವೃತ್ತ ಎಳೆಯಲು ಬೇಕು. ಅಂಗಾಲಿನಿಂದ ಎತ್ತಿದ ಕೈಯ ಬೆರಳ ತುದಿಗೆ ಅಳೆದು ಕತ್ತರಿಸಿಕೋ" ಎಂದು ಹೇಳಿ, ಉಂಡು ಮಲಗಿದ. ಕೈಯನ್ನು ತಲೆಯಾಚೆ ಚಾಚಿ ಮಲಗುವುದು ಅವನ ರೂಢಿ. ಗುರುವಿನ ಅಳತೆ ಇರುವಾಗ ತನ್ನದು ಎಷ್ಟರದು ಎಂದುಕೊಂಡಳು ನಾಗಲೆ. ಅವನ ಪಕ್ಕದಲ್ಲೇ ಹಗ್ಗ ಚಾಚಿ, ಅಂಗಾಲಿನಿಂದ ಬೆರಳ ತುದಿಗೆ ಅಳೆದು ಕತ್ತರಿಸಿ, ಕಣ್ಣಿಗೊತ್ತಿಕೊಂಡು ಹೊರಟಳು.

ಬೆಟ್ಟದ ಬುಡದಲ್ಲಿ ಕಬ್ಬಿಣದ ಕೋರೆಯ ಹಂದಿ ಇತ್ತು. ನಾಗಲೆ ಹಗ್ಗ ಮಡಿಸಿ ವೃತ್ತ ಎಳೆದಳು. ಹಂದಿ ನೇರ ನುಗ್ಗಿತು, ಅವಳು ಅಂಚಿನಲ್ಲಿ ಸರಿದಳು. ಹಂದಿಗೆ ನಿಲ್ಲಲು ಬರುತ್ತಿರಲಿಲ್ಲ. ಓಡುತ್ತ ಓಡುತ್ತ ಕಡಲು ದಾಟಿ ಹೋಯಿತು. ಆದರೆ ಅವಳು ಅರೆಹೆಜ್ಜೆ ತಡವಾಗಿದ್ದಳು. ಕೋರೆ ಸೆರಗನ್ನು ಹರಿದಿತ್ತು.

ಬೆಟ್ಟದ ನಡುವೆ ಮಂಜಿನ ಕೊಳ. ಅಲ್ಲಿ ಕತ್ತಿಯಂಥ ಕೊಕ್ಕಿನ ಕೊಕ್ಕರೆ. ನಾಗಲೆ ವೃತ್ತ ಎಳೆದಳು. ಕೊಕ್ಕರೆ ತಿವಿಯಿತು, ಅವಳು ಸರಿದಳು. ಹೊಡೆಯಲಿಲ್ಲ, ಕೊಕ್ಕಿನ ಮೇಲೆ ತನ್ನ ಕತ್ತಿಯನ್ನು ಮೆಲ್ಲಗೆ ಇಟ್ಟಳು, ಮಲಗಿದ ಮಗುವಿನ ಮೇಲೆ ಕೈ ಇಟ್ಟಂತೆ. ಕೊಕ್ಕರೆ ಕಣ್ಣು ಮುಚ್ಚಿ ನಿದ್ದೆಹೋಯಿತು. ಈಗಲೂ ಅರೆಹೆಜ್ಜೆ ತಡ. ಹೆಗಲಲ್ಲಿ ರಕ್ತದ ಗೀರು.

ಬೆಟ್ಟದ ನೆತ್ತಿಯಲ್ಲಿ ಗಾಜಿನ ವೀರರು ಬಿಸಿಲಿಗೆ ಹೊಳೆಯುತ್ತಿದ್ದರು. ನಡುವೆ ನೆಟ್ಟಗಣ್ಣ ಕಣ್ಣು ಮುಚ್ಚಿ ಕೂತಿದ್ದ. ನಾಗಲೆ ವೃತ್ತ ಎಳೆದಳು. ಅವನು ಕಣ್ಣು ಮುಚ್ಚಿಕೊಂಡೇ ನಕ್ಕ.

"ಯಾರೋ ದೊಡ್ಡವರ ಅಂಗಿ ಹಾಕ್ಕೊಂಡು ಬಂದ ಹಾಗಿದೆಯಲ್ಲಮ್ಮಾ."

ಕಣ್ಣು ತೆರೆದ. ಅವಳು ಸರಿದಳು. ಅರೆಹೆಜ್ಜೆ ತಡ. ಎಡಗೈಯ ಕಿರುಬೆರಳು ಟಿಣ್ಣೆಂದು ಗಾಜಾಯಿತು.

ಒಮ್ಮೆ ಗಾಜಾದದ್ದನ್ನು ಆ ನೋಟ ದಾಟದು. ನಾಗಲೆ ಅಣ್ಣನ ಗಾಜಿನ ಬೆನ್ನ ಹಿಂದೆ ಅಡಗಿದಳು. ಗಾಳಿ ಆಗಲೇ ತಣ್ಣಗಾಗುತ್ತಿತ್ತು. ಗಾಜಿನ ಬೆರಳನ್ನು ನೋಡುತ್ತ ಅವಳಿಗೆ ಅಪ್ಪನ ಅಂಗಡಿ ನೆನಪಾಯಿತು. ರಾಣಿಯ ಬಳೆಯೇ ಬೇಕೆಂದು ಹಟ ಹಿಡಿದ ಊರ ಸೊಸೆಯಂದಿರಿಗೆ ಅಪ್ಪ ಹೇಳುತ್ತಿದ್ದುದು ಒಂದೇ ಮಾತು: "ರಾಣಿ ಬಳೆ ರಾಣಿ ಕೈಗೆ, ತಾಯಿ. ನಿನ್ನ ಕೈ ಕೊಡು, ನೋಡೋಣ."

ನಾಗಲೆ ಎದ್ದು ನಿಂತು ಕೈ ಮೇಲೆತ್ತಿದಳು. ತನ್ನ ಅಂಗಾಲಿನಿಂದ ತನ್ನ ಬೆರಳ ತುದಿಗೆ ಅಳೆದಳು. ಹಗ್ಗ ಎರಡು ಗೇಣು ಹೆಚ್ಚಿತ್ತು. ಹೆಚ್ಚಿದ್ದನ್ನು ಕತ್ತರಿಸಿ ಅಣ್ಣನ ಕಾಲ ಬಳಿ ಇಟ್ಟಳು. ಹೊಸ ವೃತ್ತ ಎಳೆದು ಅಂಚಿನಲ್ಲಿ ನಡೆದಳು.

ನೆಟ್ಟಗಣ್ಣ ನೋಡಿದ, ಅವಳು ಅಲ್ಲಿರಲಿಲ್ಲ. ಮತ್ತೆ ನೋಡಿದ, ಅಲ್ಲೂ ಇರಲಿಲ್ಲ. ಕನಸಿನಲ್ಲಿ ನಡೆಯುವವಳಂತೆ ಅವಳು ಅವಸರವಿಲ್ಲದೆ ಸುತ್ತಿದಳು. ಹುಟ್ಟಿದಾಗಿನಿಂದ ನೆಟ್ಟಗೆ ನೋಡಿದವನಿಗೆ ತಿರುಗಿ ನೋಡಿ ರೂಢಿಯಿರಲಿಲ್ಲ. ಕೊನೆಗೆ ಬೆನ್ನ ಹಿಂದೆ ಬಂದವಳನ್ನು ನೋಡಲು ಕತ್ತು ಹೊರಳಿಸಿ, ತನ್ನ ಹೆಗಲನ್ನೇ ನೋಡಿಕೊಂಡ. ಹೆಗಲು ಗಾಜಾಯಿತು, ಎದೆ ಗಾಜಾಯಿತು, ಕಣ್ಣೂ ಗಾಜಾಯಿತು.

ಕಣ್ಣು ಗಾಜಾದದ್ದೇ, ಬೆಟ್ಟದ ತುಂಬ ಉಸಿರಿನ ಸದ್ದು. ಕಿರುಬೆರಳು ಬೆಚ್ಚಗಾಯಿತು. ಬಿಟ್ಟಿಗ ಮೈ ಮುರಿದು ಕಾಲ ಬಳಿಯ ಹಗ್ಗದ ತುಂಡು ನೋಡಿದ.

"ಇದೇನೇ ನಾಗಲೆ, ನನ್ನನ್ನು ಕಟ್ಟಿ ಎಳ್ಕೊಂಡು ಹೋಗೋಕೆ ಬಂದ್ಯಾ?"

"ಬಿಟ್ರೆ ನೀನು ನೆಟ್ಟಗೆ ಹೋಗ್ತೀಯಲ್ಲ, ಅದಕ್ಕೆ."

ಊರಿಗೆ ಬಂದು ನಾಗಲೆ ಆ ತುಂಡನ್ನು ದೊಣ್ಣಯ್ಯನ ಮುಂದಿಟ್ಟು ತಲೆ ತಗ್ಗಿಸಿದಳು.

"ಅಳೆಯುವಾಗ ನನಗೆ ಎಚ್ಚರವಿತ್ತು" ಎಂದ ಅವನು. "ಪಾದಕ್ಕೆ ಹಗ್ಗ ತಾಗಿ ಕಚಗುಳಿಯಾಯಿತು."

"ಹೇಳಬಾರದಿತ್ತೇ, ಅಯ್ಯಾ?"

"ಅಂಗಳದಲ್ಲೇ ಒಮ್ಮೆ ವೃತ್ತ ಎಳೆದು ನೋಡುತ್ತೀ, ತಪ್ಪು ತಿಳಿಯುತ್ತದೆ ಎಂದುಕೊಂಡೆ. ನೀನು ಕಣ್ಣಿಗೊತ್ತಿಕೊಂಡು ಹೊರಟೇ ಬಿಟ್ಟೆ. ತಪ್ಪು ನನ್ನದೂ ಹೌದು." ಮುದುಕ ಆ ತುಂಡನ್ನು ಸೊಂಟಕ್ಕೆ ಕಟ್ಟಿಕೊಂಡ. ಸಾಯುವವರೆಗೂ ಬಿಚ್ಚಲಿಲ್ಲ.

ಮಾಗಿಯ ಗಾಳಿ ಬೀಸಿತು. ನೆಟ್ಟಗಣ್ಣ ಪುಡಿಯಾದ. ನಾಗಲೆಯ ಅಪ್ಪ ಪುಡಿಯನ್ನು ಗುಡಿಸಿ ತಂದು, ಕರಗಿಸಿ, ಬಳೆ ಮಾಡಿದ. ರಾಜ್ಯದ ಹೆಂಗಸರೆಲ್ಲ ಬಂದು ಒಬ್ಬೊಬ್ಬರೇ ಕೈ ಚಾಚಿ ತಮ್ಮ ತಮ್ಮ ಅಳತೆಯದು ತೊಟ್ಟರು. ಆ ಬಳೆಗಳ ಸದ್ದು ಕೇಳುತ್ತ ಆ ರಾಜ್ಯ ಬಹುಕಾಲ ತಣ್ಣಗೆ ಬಾಳಿತು.