ಸುಳ್ಳು ಹೇಳಿದರೆ ಆರುವ ದೀಪ

ಮೊದಲ ಭೇಟಿಯಲ್ಲೇ ಶಾಕ್ ಹೊಡೆದಂತಾಯಿತು ಎಂದು ಪ್ರೇಮಕಥೆಗಳಲ್ಲಿ ಬರೆಯುವುದುಂಟು. ಇದು ನಿಜವಾಗಿ ನಡೆದದ್ದು. ಹಾಗಾಗಿ ಇಲ್ಲಿ ಶಾಕ್ ಸ್ವಲ್ಪದರಲ್ಲಿ ತಪ್ಪಿತು.

ಆಸ್ಟ್ರೇಲಿಯಾದ ಹೋಬಾರ್ಟಿನ ಒಂದು ಜೋಡಿಮನೆ. ಅದರ ಎಡಭಾಗದಲ್ಲಿ ನೈರಿ ಗೋಡೆಯ ಹಳೆಯ ಸ್ವಿಚ್ಚು ಬಿಚ್ಚಿ, ಹೊಸ ಸ್ಮಾರ್ಟ್ ಸ್ವಿಚ್ಚಿನ ತಿರುಪನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ತಂತಿಗೆ ಕೈ ಚಾಚಿದ್ದಳು.

“ಕೈ ತೆಗಿ. ಈಗಲೇ.”

ತೆರೆದ ಬಾಗಿಲಲ್ಲಿ ಬಲಭಾಗದ ಮನೆಯ ಹ್ಯಾಮಿಶ್ ನಿಂತಿದ್ದ. ಹನ್ನೆರಡು ವರ್ಷ ಅನುಭವದ ಎಲೆಕ್ಟ್ರಿಷಿಯನ್. ತನ್ನ ಮನೆಗೆ ಬಂದ ಅವಳ ಕಾಗದ ಕೊಡಲು ಬಂದವನು.

“ಫ್ಯೂಸ್ ತೆಗೆದೇ ಕೂತಿದೀನಿ,” ಎಂದಳು ಸಿಡುಕಿನಿಂದ.

“ಯಾವುದು?”

“ಮೇಲಿಂದ ಎರಡನೇದು.”

“ಅದು ಬಿಸಿನೀರಿಂದು ಕಣಮ್ಮಾ.”

ಅವಳು ಕೈ ಹಿಂದೆಗೆದಳು, ಜಂಬ ಬಿಡಲಿಲ್ಲ. ತನ್ನ ಊರು ಡನೀಡನ್‌ನಲ್ಲಿ ಅಪ್ಪ, ಅಜ್ಜಿ ಎಲ್ಲ ತಮ್ಮ ಸ್ವಿಚ್ಚು ತಾವೇ ಹಾಕಿಕೊಂಡವರು ಎಂದು ವಾದಿಸಿದಳು. ನ್ಯೂಜಿಲೆಂಡಿನ ಕಾಯಿದೆ ಸಮುದ್ರ ದಾಟಿ ಬರುವುದಿಲ್ಲ, ಇಲ್ಲಿ ಲೈಸೆನ್ಸ್ ಇದ್ದವರೇ ಗೋಡೆಗೆ ಕೈ ಹಾಕಬೇಕು ಎಂದ ಅವನು. ಕೊನೆಗೆ ರಾಜಿಯಾಯಿತು: ಗೋಡೆಯೊಳಗಿನದೆಲ್ಲ ಅವನದು, ಬಲ್ಬು, ಫೋನು, ಮಾತು ಕೇಳುವ ಸ್ಪೀಕರು ಅವಳದು.

ಮೂರು ಶನಿವಾರ ಹಿಡಿದ ಕೆಲಸ ಅದು. ಒಂದರಲ್ಲೇ ಮುಗಿಯುತ್ತಿತ್ತು ಎಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಹೇಳಲಿಲ್ಲ.

ಅವಳು ಆರು ಬಲ್ಬುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು, ಒಂದೊಂದಕ್ಕೂ ಫೋನಿನಲ್ಲಿ ಹೆಸರಿಟ್ಟಳು. ಕೂಲಿ ಬೇಡ ಎಂದವನ ಕೈಗೆ, ಓದುವ ದೀಪಕ್ಕೆ ಹಾಕಿಕೋ ಎಂದು ಏಳನೆಯ ಬಲ್ಬು ತುರುಕಿದಳು. ಆರರ ಪಕ್ಕದಲ್ಲೇ ಇತ್ತು ಏಳನೆಯದು. ಎಲ್ಲವೂ ಒಂದೇ ರೂಪ.

ಎಲ್ಲ ದೀಪಗಳೂ ಅವಳ ಮಾತು ಕೇಳಿದವು, ಒಂದನ್ನು ಬಿಟ್ಟು.

“ಬೆಡ್ ಲೈಟ್ ಆನ್,” ಎನ್ನುವಳು. ಅವಳ ಊರಿನ ನಾಲಿಗೆಯಲ್ಲಿ ಅದು ‘ಬಿಡ್ ಲೈಟ್’ ಎಂದು ಹೊರಡುತ್ತಿತ್ತು. ಸ್ಪೀಕರು “ಆಯಿತು” ಎನ್ನುವುದು, ಮಂಚದ ದೀಪ ಮಾತ್ರ ಕದಲದು.

ಹ್ಯಾಮಿಶ್‌ಗೆ ಮಿಮಿಕ್ರಿಯ ಚಟ. ಎದೆಯ ಮೇಲೆ ಕೈಯಿಟ್ಟು, ಥೇಟ್ ಅವಳದೇ ದನಿಯಲ್ಲಿ, “ಬಿಡ್... ಬಿಡ್... ಬಿಡ್,” ಎಂದ. “ನೀನು ಬಿಡ್ ಅಂದ್ರೆ ಅದು ಬಿಟ್ಟೇ ಬಿಡುತ್ತೆ ನೋಡು.”

ನೈರಿ ನಗಲಿಲ್ಲ.

ಅವಳು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷಿಸುವವಳು. ಪರೀಕ್ಷೆಗೆ ಅವಳು ‘ಪೆನ್’ ಎಂದರೆ ಮುದುಕರು ‘ಪಿನ್’ ಎಂದು ತಿರುಗಿ ಹೇಳುತ್ತಿದ್ದರು. ಸಹೋದ್ಯೋಗಿಗಳು ಊಟದ ಕೋಣೆಯಲ್ಲಿ ದಿನವೂ ಅದನ್ನೇ ಆಡಿ ತೋರಿಸುತ್ತಿದ್ದರು. ಇವನೂ ಅವರಂತೆಯೇ... ಇಲ್ಲಿ ಒಂದು ಬಲ್ಬಿಗೂ ನಾನು ಅರ್ಥವಾಗುವುದಿಲ್ಲವೆ?

“ನಿನ್ನ ಸ್ಕ್ರೂಡ್ರೈವರ್ ತಗೊಂಡು ಹೋಗು,” ಎಂದಳು.

ಅವನು ಹೊಸ್ತಿಲು ದಾಟಿದ. ಬಾಗಿಲು ಮುಚ್ಚಿತು.

ಆಮೇಲೆ ಎರಡು ವಾರ ಅವಳು ನಿಂತಲ್ಲಿ ನಿಲ್ಲಲಿಲ್ಲ. ಚಹಾ ಮಾಡಿ ಕುಡಿಯಲು ಮರೆಯುವಳು. ಪರದೆ ಎಳೆದ ಕೋಣೆಯಲ್ಲಿ ಮಂಚದ ದೀಪಕ್ಕೆ ಆಗಾಗ ಹಟದಿಂದ ಆಜ್ಞೆ ಕೊಡುವಳು. ಗೋಡೆಯಾಚೆ ಅವನ ಹೆಜ್ಜೆ ಕೇಳಿದರೆ ಕೋಣೆ ಬದಲಿಸುವಳು, ಕೇಳದಿದ್ದರೆ ಗೋಡೆಗೆ ಕಿವಿ ಕೊಡುವಳು. ಡನೀಡನ್‌ನ ಹಳೆಯ ಆಸ್ಪತ್ರೆಯಿಂದ ಕರೆ ಬಂದಿತ್ತು: ಕೆಲಸ ಖಾಲಿಯಿದೆ, ಶುಕ್ರವಾರ ಸಂಜೆಯೊಳಗೆ ಹೇಳು. ಹೋಗಿಬಿಡಬೇಕು ಎಂದುಕೊಂಡು ಪೆಟ್ಟಿಗೆ ತೆಗೆಯುವಳು. ಮತ್ತೆ ಕಪಾಟಿಗೆ ತಳ್ಳುವಳು.

ಶುಕ್ರವಾರ. ಅಲ್ಲಿ ಜೂನ್ ಎಂದರೆ ಚಳಿಗಾಲ, ಸಂಜೆ ನಾಲ್ಕೂವರೆಗೇ ಕತ್ತಲು ಕವಿಯುತ್ತಿತ್ತು. ಸ್ಪೀಕರನ್ನು ಡಬ್ಬಕ್ಕೆ ಹಾಕುವ ಮುನ್ನ ಹಟಕ್ಕೆ ಕೊನೆಯ ಬಾರಿ ಹೇಳಿದಳು, “ಬಿಡ್ ಲೈಟ್ ಆನ್.”

“ಆಯಿತು,” ಎಂದಿತು ಅದು.

ಪರದೆ ಬಿಚ್ಚಿಟ್ಟ ಕಿಟಕಿಯಾಚೆ, ಹ್ಯಾಮಿಶ್‌ನ ಮನೆಯಿಂದ ಅಂಗಳಕ್ಕೆ ಫಕ್ಕನೆ ಬೆಳಕು ಬಿತ್ತು.

ನೈರಿ ಕಿಟಕಿಗೆ ಹೋಗಿ ನಿಂತಳು. “ಬಿಡ್ ಲೈಟ್... ಆಫ್?”

ಅಲ್ಲಿ ಕತ್ತಲಾಯಿತು. ಹ್ಯಾಮಿಶ್ ಟಾರ್ಚ್ ಹಿಡಿದು ಹೊರಬಂದು, ಫ್ಯೂಸಿನ ಪೆಟ್ಟಿಗೆ ತೆರೆದು, ಅದರೊಂದಿಗೆ ಜಗಳ ಆಡತೊಡಗಿದ.

‘ಬೆಡ್ ಲೈಟ್’ ಎಂದು ಹೆಸರಿಟ್ಟ ಬಲ್ಬನ್ನೇ ಅವನಿಗೆ ಕೊಟ್ಟಿದ್ದೇನೆ, ಹೆಸರಿಲ್ಲದ್ದು ನನ್ನ ಮಂಚಕ್ಕೆ ಬಂದಿದೆ... ಹಾಗಾದರೆ ಅದಕ್ಕೆ ನನ್ನ ಮಾತು ಮೊದಲ ದಿನದಿಂದಲೂ ಅರ್ಥವಾಗಿದೆ!

ತಪ್ಪು ಅವಳ ನಾಲಿಗೆಯದಾಗಿರಲಿಲ್ಲ. ಸಮಾಧಾನಕ್ಕಿಂತ ಮುಂಚೆ ಅವಳಿಗೆ ತುಂಟತನ ಬಂತು. ಬಲ್ಬುಗಳ ಜೊತೆ ಬಂದಿದ್ದ ಪುಟ್ಟ ತಂತಿಯಿಲ್ಲದ ಗುಂಡಿಯನ್ನು ಆ ಬಲ್ಬಿಗೆ ಜೋಡಿಸಿ, ಒತ್ತಿ ದೀಪ ಮತ್ತೆ ಹತ್ತಿಸಿ, ಕೋಟಿನ ಜೇಬಿಗೆ ಹಾಕಿ, ಪಕ್ಕದ ಮನೆ ಬಾಗಿಲು ತಟ್ಟಿದಳು.

ಓದುವ ದೀಪವೊಂದೇ ಉರಿಯುತ್ತಿದ್ದ ಕೋಣೆಗೆ ಕರೆದ ಹ್ಯಾಮಿಶ್‌ನ ಕೂದಲಲ್ಲಿ ಜೇಡರ ಬಲೆಯಿತ್ತು. ದೀಪ ತಾನಾಗಿ ಹತ್ತಿ ಆರುತ್ತಿದೆಯೆಂದು ಎರಡು ವಾರದಲ್ಲಿ ಮೂರು ಸಲ ಅಟ್ಟ ಹತ್ತಿದ್ದನಂತೆ, ದೋಷವೇ ಸಿಗುತ್ತಿಲ್ಲವಂತೆ.

“ನಮ್ಮಜ್ಜಿ ಹೇಳ್ತಿದ್ರು,” ಎಂದಳು ಗಂಭೀರವಾಗಿ, “ಸುಳ್ಳು ಹೇಳೋರ ಮನೇಲಿ ದೀಪ ನಿಲ್ಲಲ್ಲ ಅಂತ.”

“ನಾನು ಎಲೆಕ್ಟ್ರಿಷಿಯನ್ನು. ಇಂಥದ್ದಕ್ಕೆಲ್ಲ ಹೆದರಲ್ಲ.”

ದೀಪ ಆರಿತು. ಕತ್ತಲಲ್ಲಿ ಅವನು ಹಿಂದೆ ಸರಿದು ಕುರ್ಚಿಗೆ ತಾಗಿದ್ದು ಕೇಳಿಸಿತು. ದೀಪ ಹತ್ತಿತು.

“ಅವತ್ತು ನನ್ನನ್ನ ಹಂಗಿಸಿದ್ದಾ?” ಇದನ್ನು ಮಾತ್ರ ಅವಳು ತಮಾಷೆಗೆ ಕೇಳಲಿಲ್ಲ.

ಅವನು ದೀಪದ ಕಡೆ ಒಂದು ಕಣ್ಣಿಟ್ಟೇ ಉತ್ತರಿಸಿದ. “ಇಲ್ಲ. ವ್ಯಾನಲ್ಲಿ ಒಬ್ಬನೇ ಇದ್ದಾಗ ನಿನ್ನ ಥರ ಮಾತಾಡ್ಕೋತೀನಿ. ಪಕ್ಕದಲ್ಲೇ ಕೂತಿದೀಯ ಅನ್ಸುತ್ತೆ... ನಿನಗೆ ನೋಯುತ್ತೆ ಅಂತ ಹೊಳೀಲಿಲ್ಲ. ತಪ್ಪಾಯ್ತು.”

ದೀಪ ಅಲುಗಲಿಲ್ಲ. ಜೇಬಿನೊಳಗೆ ಅವಳ ಬೆರಳು ಗುಂಡಿಯಿಂದ ಸರಿದಿತ್ತು.

“ಡನೀಡನ್‌ನಿಂದ ಕರೆ ಬಂದಿದೆ. ಹೋದ್ರೆ ನಿಂಗೇನಾದ್ರೂ ಅನ್ಸುತ್ತಾ?”

“ನಿನ್ನ ಊರು... ಹೋಗೋದು ಒಳ್ಳೇದೇ. ನಂಗೇನೂ ಅನ್ಸಲ್ಲ.”

ದೀಪ ಆರಿತು.

ಈ ಸಲ ಅವಳು ಮತ್ತೆ ಗುಂಡಿ ಒತ್ತದೆ ಕಾದಳು. ಆಮೇಲೆ ಅವನ ದನಿ, ಯಾರ ಅನುಕರಣೆಯೂ ಇಲ್ಲದ ಬರೀ ಅವನ ದನಿ, ಕೇಳಿತು. “ಹೋಗ್ಬೇಡ, ನೈರಿ.”

ಚಿಟಿಕ್. ಬೆಳಕು.

ಹ್ಯಾಮಿಶ್ ದೀಪ ನೋಡಿದ, ಅವಳ ಜೇಬು ನೋಡಿದ. “ಆ ಚಿಟಿಕ್ ಎಲ್ಲಿಂದ ಬಂತು?”

ಅವಳು ಅಂಗೈ ಬಿಚ್ಚಿ ತೋರಿಸಿದಳು. ಮೇಜು, ಏಳು ಬಲ್ಬು, ಬಿಡ್ ಲೈಟು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು.

ಮೂರು ಸಲ ಅಟ್ಟ ಹತ್ತಿದವನು ನೆಲದ ಮೇಲೆ ಕುಕ್ಕರಿಸಿದ. ನಗುವಿಗೆ ಭುಜ ಕುಲುಕತೊಡಗಿತು.

ಅವಳು ಆ ದೀಪದಡಿಯಲ್ಲೇ ಡನೀಡನ್‌ಗೆ ಎರಡು ಸಾಲು ಬರೆದಳು: ಕರೆದದ್ದಕ್ಕೆ ವಂದನೆ, ನಾನು ಇಲ್ಲಿಯೇ ಇರುತ್ತೇನೆ. ಕಳಿಸಿ, ಅವನ ಪಕ್ಕ ನೆಲಕ್ಕೆ ಕುಳಿತಳು. ಅವನು ಅವಳ ಕೈ ಹಿಡಿದ.

ನೈರಿ ಹುಬ್ಬು ಗಂಟಿಕ್ಕಿ, ಥೇಟ್ ಅವನದೇ ದನಿಯಲ್ಲಿ ಹೇಳಿದಳು:

“ಕೈ ತೆಗಿ. ಈಗಲೇ.”

ಹೇಳುತ್ತಲೇ ಇನ್ನೊಂದು ಕೈಯಿಂದ ಗುಂಡಿ ಒತ್ತಿದಳು. ದೀಪ ಆರಿಹೋಯಿತು.

ಆ ಕತ್ತಲಲ್ಲಿ, ಹಿಡಿದ ಕೈ ಬಿಡದೆ, ಅವಳಿಗಿಂತ ಜೋರಾಗಿ ನಕ್ಕವನು ಹ್ಯಾಮಿಶ್‌.